ಗೋಡೆಗೆ ಮೊದಲ ತುತ್ತು

ಗೋಡೆಗೂ ಹಸಿವಾಗುತ್ತದೆ ಎಂದು ಮೊದಲು ಹೇಳಿದವರು ವಿಜ್ಞಾನಿಗಳು. ಆ ಮಾತನ್ನು ಮನಸಾರೆ ನಂಬಿದವರು ಸಂಗನಕೋಟೆಯ ಹಳೇಪೇಟೆಯ ಹೆಂಗಸರು. ಎಡವಟ್ಟು ಶುರುವಾದದ್ದೇ ಅಲ್ಲಿಂದ.

ಸಂಗನಕೋಟೆ ಬೆಳೆಯುವ ಊರು. ಎಂಥ ಬೆಳೆಯುವುದು ಅಂತೀರಿ! ಬೆಳಿಗ್ಗೆ ಜೋಳದ ಹೊಲ ಇದ್ದಲ್ಲಿ ಸಂಜೆಗೆ ಬಡಾವಣೆಯ ಫಲಕ. ರಿಂಗ್ ರೋಡಿನ ಆಚೆ ಅಂತಸ್ತಿನ ಮೇಲೆ ಅಂತಸ್ತು ಎದ್ದವು, ಈಚೆ ಹಳೆಯದು ಅಂತ ಉಳಿದದ್ದು ಹಳೇಪೇಟೆ ಒಂದೇ. ಕಲ್ಲು ಮತ್ತು ಸುಣ್ಣದ ಗಾರೆಯ ವಾಡೆಗಳು, ಎರಡು ಗಾಡಿ ಎದುರಾದರೆ ಒಂದು ಹಿಂದೆ ಸರಿಯಬೇಕಾದ ಓಣಿಗಳು, ಪೇಟೆಯ ಬಾಯಲ್ಲಿ ಆನೆ ಹಾಯುವಷ್ಟು ಎತ್ತರದ ನಗಾರಿ ಬಾಗಿಲು. ಅದರ ಕಮಾನಿನ ಮೇಲೆ ಒಂದು ಕಾಲಕ್ಕೆ ನಗಾರಿ ಬಾರಿಸುತ್ತಿದ್ದರಂತೆ, ಈಗ ಅಲ್ಲಿ ಪಾರಿವಾಳಗಳದೇ ದರ್ಬಾರು. ಪೇಟೆಯ ನಟ್ಟನಡುವೆ ಆರು ಪಥದ ರಸ್ತೆ ಹಾಯಿಸಬೇಕೆಂದು ಹೊಂಚು ಹಾಕಿ ಕೂತವರಿಗೂ ಊರಲ್ಲಿ ಬರವಿರಲಿಲ್ಲ.

ಅವರ ಕೈ ಕಟ್ಟಿದ್ದು ಒಂದು ಕಾನೂನು. ನಗಾರಿ ಬಾಗಿಲು ಗಟ್ಟಿಯಾಗಿ ನಿಂತಿರುವವರೆಗೆ ಇಡೀ ಪೇಟೆಗೆ ರಕ್ಷಣೆ. ಬಾಗಿಲು ತಾನಾಗಿ ಶಿಥಿಲವಾಗಿ ಅಪಾಯಕಾರಿ ಎಂದು ದಾಖಲಾದ ದಿನ ರಕ್ಷಣೆ ರದ್ದು. ಅದೇ ಕಾನೂನಿಗೆ ಇನ್ನೊಂದು ಬಾಲವಿತ್ತು. ಹಿಂದೆ ಕೆಲವು ಮನೆ ಒಡೆಯರು ತಮ್ಮ ಗೋಡೆಗೆ ತಾವೇ ಹಾರೆ ಹಾಕಿ, ಬಿತ್ತು ಬಿತ್ತು ಎಂದು ಬೊಬ್ಬೆ ಹೊಡೆದು ಬಿಲ್ಡರಿಗೆ ಮಾರಿದ್ದರು. ಅಂಥವರಿಗಾಗಿ ಬರೆದದ್ದು: ಮನುಷ್ಯ ಕೈಯಾರೆ ಗಾಯ ಮಾಡಿದ ಕಟ್ಟಡದ ರಕ್ಷಣೆಯನ್ನು ಯಾವ ಕಾರಣಕ್ಕೂ ತೆಗೆಯುವಂತಿಲ್ಲ, ಗಾಯ ಮಾಡಿದವರು ಮಾತ್ರ ಮತ್ತೆಂದೂ ಪೇಟೆಯೊಳಗೆ ಕಾಲಿಡುವಂತಿಲ್ಲ. ಈ ಬಾಲವನ್ನು ಜನ ಮರೆತೇಬಿಟ್ಟಿದ್ದರು. ನೀವು ಮರೆಯಬೇಡಿ.

ಇನ್ನು ಗೋಡೆಯ ಹಸಿವಿನ ವಿಷಯ. ಹಳೇ ಕಾಲದ ಗೌಂಡಿಗಳು ಸುಣ್ಣದ ಗಾರೆಗೆ ಬೆಲ್ಲ ಬೆರೆಸುತ್ತಿದ್ದರಲ್ಲ, ಅದರ ಜಾಡು ಹಿಡಿದು ಪ್ರಯೋಗಾಲಯದವರು ಒಂದು ಸೂಕ್ಷ್ಮಾಣುವನ್ನು ತಿದ್ದಿ ಬೆಳೆಸಿದರು. ಸುಣ್ಣಜೀವಿ ಎಂದು ಹೆಸರಿಟ್ಟು ಹಳೇಪೇಟೆಯ ಗೋಡೆಗಳಿಗೆಲ್ಲ ಸವರಿದರು. ಸವರಿದ ಮೇಲೆ ಅದು ಬಿರುಕಿನೊಳಗೆ ಇಳಿಯುತ್ತದೆ, ಸಿಹಿ ಸಿಕ್ಕರೆ ತಿನ್ನುತ್ತದೆ, ತಿಂದದ್ದಕ್ಕೆ ಬದಲಾಗಿ ಸುಣ್ಣ ಬಿಡುತ್ತದೆ. ಬಿರುಕು ಕೂಡುತ್ತದೆ. ಸಿಹಿ ಮುಗಿದರೆ ನಿದ್ದೆ ಹೋಗುತ್ತದೆ. ಅಮಾವಾಸ್ಯೆಗೊಮ್ಮೆ ಗೋಡೆಯ ಬುಡದಲ್ಲಿ ಕೂರಿಸಿದ ಗಿಂಡಿಗೆ ಒಂದು ಲೋಟ ಬೆಲ್ಲದ ನೀರು ಸುರಿದರೆ ಸಾಕು, ಅದೇ ಅದರ ತಿಂಗಳ ಊಟ. ಹೆಚ್ಚು ಉಣಿಸಿದರೆ ಏನಾಗುತ್ತದೆ ಎಂದು ಯಾರೂ ಪರೀಕ್ಷೆ ಮಾಡಲಿಲ್ಲ. ಗೋಡೆಗೆ ಯಾರು ತಾನೇ ಹೆಚ್ಚು ಉಣಿಸುತ್ತಾರೆ?

ಪಾಪ, ಅವರು ತಂಗೆವ್ವನನ್ನು ನೋಡಿರಲಿಲ್ಲ.

ತಂಗೆವ್ವನ ವಾಡೆ ನಗಾರಿ ಬಾಗಿಲಿನ ಬಲಭುಜಕ್ಕೆ ಅಂಟಿಕೊಂಡಿತ್ತು. ಆಕೆಯ ಅಡುಗೆಮನೆಯ ಹಿಂಗೋಡೆ ಅಂದರೆ ಬಾಗಿಲಿನದೇ ಗೋಡೆ. "ಹಸಿದ ಗ್ವಾಡಿ ಮುಂದ ಕುಂತು ನಾವು ಹೆಂಗ ಉಣ್ಣೂದು?" ಎಂದು ಆಕೆ ಒಂದು ದಿನ ಹೋಳಿಗೆಯನ್ನು ಹಾಲಲ್ಲಿ ಕಿವುಚಿ ಗಿಂಡಿಗೆ ಸುರಿದಳು. ಕೆಲವೇ ದಿನಗಳಲ್ಲಿ ಬೆರಳು ತೂರುತ್ತಿದ್ದ ಬಿರುಕು ಕೂಡಿಕೊಂಡಿತು. ಮುಗೀತು, ಓಣಿಗೆಲ್ಲ ಸುದ್ದಿ. ಅಂದಿನಿಂದ ದಿನಾಲು ಮೊದಲ ತುತ್ತು ಗೋಡೆಗೆ. ಒಬ್ಬಳು ಪಾಯಸ ತಂದರೆ ಇನ್ನೊಬ್ಬಳು ಮಾದಲಿ. ಎದುರುಮನೆಯ ಬಳೆಗಾರ್ತಿ ಹಸೀನಾಬಿ ಹಬ್ಬಕ್ಕೆ ಸುರಕುಂಬಾ ಮಾಡಿದರೆ ಮೊದಲ ಬಟ್ಟಲು ನಗಾರಿ ಬಾಗಿಲಿಗೇ ಬರುತ್ತಿತ್ತು.

ತಂಗೆವ್ವನ ಸೊಸೆ ನೀಲಾಂಬಿಕೆ ಓದಿದವಳು, ನಗರಸಭೆಯ ಕಟ್ಟಡ ನಿಗಾ ಕೇಂದ್ರದಲ್ಲಿ ಇಂಜಿನಿಯರು. ಒಂದು ತುತ್ತಿನಿಂದ ಏನು ಮಹಾ ಆಗುತ್ತದೆ ಎಂದು ಆಕೆಯೂ ನಕ್ಕು ಸುಮ್ಮನಿದ್ದಳು. ಆದರೂ ಮನೆಯಲ್ಲಿ ಗೋಡೆ ಉಂಡ ಮೇಲೆ ಮಗ, ಮಗ ಉಂಡ ಮೇಲೆ ಸೊಸೆ ಎಂಬ ಸರದಿ ಆಕೆಗೆ ಒಳಗೊಳಗೆ ಚುಚ್ಚುತ್ತಿತ್ತು.

"ಅತ್ತಿ, ನನಗೂ ಒಂದಿನ ಮೊದಲನೇ ತುತ್ತು ಕೊಡ್ರಲ್ಲ" ಎಂದು ಒಮ್ಮೆ ಚೇಷ್ಟೆಗೆ ಕೇಳಿದಳು.

"ನೀ ಏನ್ ಬೀಳ್ತೀ ಏನ? ಗ್ವಾಡಿ ಬೀಳ್ತೈತಿ" ಎಂದಳು ತಂಗೆವ್ವ. ಅಲ್ಲಿಗೆ ಮಾತು ಮುಗಿಯಿತು.

ನಿಗಾ ಕೇಂದ್ರದಲ್ಲಿ ಪೇಟೆಯ ಒಂದೊಂದು ಕಟ್ಟಡಕ್ಕೂ ಪರದೆಯ ಮೇಲೆ ಒಂದೊಂದು ಗೆರೆ. ಗೋಡೆಗಳಲ್ಲಿ ಹುದುಗಿಸಿದ ಗುಂಡಿಯಂಥ ಉಪಕರಣಗಳು ಗೋಡೆ ಎಷ್ಟು ಹಿಗ್ಗಿತು, ಎಷ್ಟು ಕುಗ್ಗಿತು ಎಂದು ಅಳೆದು ಕಳಿಸುತ್ತಿದ್ದವು. ಮಧ್ಯಾಹ್ನದ ಬಿಸಿಲಿಗೆ ಗೋಡೆ ಕೂದಲೆಳೆಯಷ್ಟು ಹಿಗ್ಗುತ್ತದೆ, ಸಂಜೆಯ ತಂಪಿಗೆ ಕುಗ್ಗುತ್ತದೆ. ಹಾಗಾಗಿ ಗೆರೆ ದಿನವೂ ಏರಿ ಇಳಿಯುತ್ತದೆ. ಅಲ್ಲಿಯವರು ಅದನ್ನು ಉಸಿರುಗೆರೆ ಎನ್ನುತ್ತಿದ್ದರು.

ಆ ಬೇಸಿಗೆಯಲ್ಲಿ ನಗಾರಿ ಬಾಗಿಲಿನ ಗೆರೆ ಚಪ್ಪಟೆಯಾಗುತ್ತ ಬಂತು. ನೀಲಾ ಮೊದಲು ಉಪಕರಣ ಕೆಟ್ಟಿದೆ ಎಂದುಕೊಂಡಳು. ಬದಲಾಯಿಸಿದಳು. ಹೊಸದೂ ಅದನ್ನೇ ಹೇಳಿತು. ಹೊರಗೆ ನಲವತ್ತನಾಲ್ಕು ಡಿಗ್ರಿ ಬಿಸಿಲು, ಗೋಡೆ ಮಾತ್ರ ಮಿಸುಕುತ್ತಿಲ್ಲ.

ಮೇಲಧಿಕಾರಿ ಮುಗಳಿ ಸಾಹೇಬರು ಕನ್ನಡಕ ಏರಿಸಿ ಪರದೆ ನೋಡಿದರು. ಒಳ್ಳೆಯ ಮನುಷ್ಯ, ಆದರೆ ನಿವೃತ್ತಿ ಹತ್ತಿರ ಬಂದಿತ್ತು. "ಗಟ್ಟಿತನ ಎಷ್ಟೈತಿ ನೋಡು! ಕಟ್ಟಿದ ದಿನಾನೂ ಇಷ್ಟ್ ಇದ್ದಿರಾಕಿಲ್ಲ. ಗ್ವಾಡಿ ಗಟ್ಟಿಯಾತು ಅಂತ ಅಳಾಕತ್ತ ಮೊದಲನೇ ಇಂಜಿನಿಯರ್ ನೀನ ನೋಡವ್ವಾ."

"ಸರ್, ಸುಣ್ಣದ ಗಾರಿ ಮೆತ್ತಗ ಇರ್ತೈತಿ ಅಂತನ ಈ ಬಾಗಲಾ ಇಷ್ಟ್ ವರ್ಷ ಉಳದೈತ್ರಿ. ಬಿಸಲಿಗೆ ಒಂದೊಂದು ಸಂದೂ ಒಂಚೂರು ಜರಗಿ ಜಾಗಾ ಕೊಡತಿತ್ತು. ಈಗ ಸಂದ ಇಲ್ಲ. ಇಡೀ ಬಾಗಲಾ ಒಂದ ಬಂಡಿಗಲ್ಲು ಆಗೈತಿ. ಕಾವು ಒಳಗ ಹೊಕ್ಕೈತಿ, ಹಿಗ್ಗಾಕ ಜಾಗಾ ಇಲ್ಲ, ಎಲ್ಲಾ ಒತ್ತಡ ಕಮಾನಿನ ನೆತ್ತಿಗೆ ಬಂದು ಕುಂತೈತಿ." ನೀಲಾ ಕಿಟಕಿಯತ್ತ ಕೈ ತೋರಿದಳು. "ಕಾದ ಹಂಚಿನ ಮ್ಯಾಲ ತಣ್ಣೀರ ಹಾಕಿದ್ರ ಏನಾಗ್ತೈತ್ರಿ?"

ಮುಗಳಿ ಸಾಹೇಬರ ನಗು ಮಾಯವಾಯಿತು. ಕಿಟಕಿಯಾಚೆ ಆಕಾಶ ನೋಡಿದರು. ಮುಂಗಾರಿಗೆ ಮೊದಲು ಬೀಳುವ ಅಡ್ಡಮಳೆಯ ದಿನಗಳು. ಆ ಊರಲ್ಲಿ ಮೊದಲ ಮಳೆ ಬಂದರೆ ಜನ ಏನು ಮಾಡುತ್ತಾರೆ ಎಂದು ಇಬ್ಬರಿಗೂ ಗೊತ್ತಿತ್ತು. ಹೂ ಮಾರುವವರು, ಬಳೆಯವರು, ಶಾಲೆ ಬಿಟ್ಟ ಮಕ್ಕಳು, ಎಲ್ಲರೂ ಓಡಿ ಬಂದು ನಿಲ್ಲುವುದು ನಗಾರಿ ಬಾಗಿಲಿನ ಕಮಾನಿನ ಕೆಳಗೆ. ತಂಗೆವ್ವ ಅಂತೂ ಅಲ್ಲೇ ಒಂದು ಮಣೆ ಹಾಕಿಕೊಂಡು ಮಳೆ ನೋಡುತ್ತ ಕೂರುತ್ತಿದ್ದಳು.

"ಹಗ್ಗಾ ಕಟ್ಟಿ ದಾರಿ ಮುಚ್ಚೂಣ್ರಿ" ಎಂದಳು ನೀಲಾ.

"ಹಗ್ಗಾ ಕಟ್ಟಾಕ ಕಾರಣ ಬರೀಬೇಕು. ಅಪಾಯ ಅಂತ ಬರದ್ರ ಸಂಜಿಗೆ ರಕ್ಷಣೆ ರದ್ದು, ನಾಳೆ ಮುಂಜಾನೆ ಜೆಸಿಬಿ. ಪೇಟೀನ ಇರೂದಿಲ್ಲ, ನೀಲಾ." ಅವರ ದನಿ ತಗ್ಗಿತು. "ಬರೀಲಿಲ್ಲ ಅಂದ್ರ ಜನ ಸಾಯ್ತಾರ. ಬರದ್ರ ಪೇಟಿ ಸಾಯ್ತೈತಿ. ಏನ್ ಮಾಡೂದು ನೀನ ಹೇಳು."

ನೀಲಾ ಆ ಚಪ್ಪಟೆ ಗೆರೆಯನ್ನು ಮತ್ತೆ ಮೊದಲಿನಿಂದ ಅಳೆಯಲು ಕೂತಳು.

ಸಂಜೆ ಆಕೆ ಮನೆಗೆ ಹೊರಟದ್ದು ಗಂಡನ ಬಸ್ಸಿನಲ್ಲೇ. ಸಿದ್ಧಲಿಂಗ ನಗರ ಸಾರಿಗೆಯ ಚಾಲಕ, ಹೊಸ ಬಡಾವಣೆಯಿಂದ ಹಳೇಪೇಟೆಗೆ ಓಡುವ ಬಸ್ಸು ಅವನದು. ಮೇಲ್ಸೇತುವೆಯ ಎರಡು ಹಾಸುಗಳ ನಡುವಿನ ಸಂದು ದಾಟುವಾಗ ಬಸ್ಸು ಧಡಕ್ಕೆಂದು ಕುಪ್ಪಳಿಸಿತು. ಹಿಂದೆ ಕೂತ ಮುದುಕನೊಬ್ಬ ರೇಗಿದ.

"ಏ ಡ್ರೈವರಾ, ಈ ಸಂದು ಮುಚ್ಚಸಾಕ ಯಾರಿಗೂ ಬುದ್ಧಿ ಇಲ್ಲೇನೋ? ನನ್ನ ಸೊಂಟ ಹ್ವಾತು!"

"ಅಜ್ಜಾರ, ಅದನ್ನ ಬೇಕಂತನ ಬಿಟ್ಟಿರ್ತಾರ್ರಿ" ಎಂದ ಸಿದ್ಧಲಿಂಗ ನಗುತ್ತ. "ಸಂದು ಮುಚ್ಚಿದ್ರ ಬಿಸಲಿಗೆ ಸೇತುವೀನ ಒಡೀತೈತಿ. ಬೇಕಾದ್ರ ನಮ್ಮ ಮನ್ಯಾಕೀನ್ನ ಕೇಳ್ರಿ, ಇಂಜಿನಿಯರ್ ಅದಾಳ."

ನೀಲಾಳ ತಲೆಯಲ್ಲಿ ಬೇರೆಯೇ ಬಸ್ಸು ಓಡುತ್ತಿತ್ತು. ಸಂದು ಇಲ್ಲದಿದ್ದರೆ ಕೊಯ್ದು ಮಾಡಬಹುದು. ಕಮಾನಿನ ಎರಡೂ ಭುಜಗಳಲ್ಲಿ, ಮೇಲಿನಿಂದ ಕೆಳಗೆ, ಒಂದೊಂದು ಸೀಳು. ಗೋಡೆ ಹಿಗ್ಗಲು ಕುಗ್ಗಲು ಬೆರಳಗಲದ ಜಾಗ. ರಕ್ಷಿತ ಕಟ್ಟಡಕ್ಕೆ ಗರಗಸ! ಹಾಗಂದುಕೊಂಡ ಮರುಕ್ಷಣ ಕಾನೂನಿನ ಆ ಮರೆತ ಬಾಲ ನೆನಪಾಯಿತು. ಮನುಷ್ಯ ಗಾಯ ಮಾಡಿದರೆ ರಕ್ಷಣೆ ಹೋಗುವುದಿಲ್ಲ. ಹೋಗುವುದು ಗಾಯ ಮಾಡಿದವರು. ಆಕೆ ಗಂಡನ ಬೆನ್ನನ್ನೇ ನೋಡುತ್ತ ಕೂತಳು, ಇಳಿಯುವ ನಿಲ್ದಾಣ ಬಂದದ್ದು ತಿಳಿಯಲಿಲ್ಲ.

ಮನೆಗೆ ಬಂದರೆ ಅಡುಗೆಮನೆಯ ಬಾಗಿಲು ಅರ್ಧಕ್ಕೆ ನಿಂತಿತ್ತು. ಚೌಕಟ್ಟಿನ ಸಂದಿನಲ್ಲಿ ಬೆಳ್ಳಗೆ ಸುಣ್ಣ ಬೆಳೆದು ಬಾಗಿಲು ಹಿಡಿದುಕೊಂಡಿತ್ತು. ತಂಗೆವ್ವ ಆ ಅರ್ಧದಲ್ಲೇ ಅಡ್ಡಡ್ಡ ನುಸುಳಿ ಒಳಹೋಗಿ ರವೆ-ಬೆಲ್ಲದ ಸಜ್ಜಕ ತಿರುವುತ್ತಿದ್ದಳು.

"ಅತ್ತಿ, ಇವತ್ತಿನಿಂದ ಗ್ವಾಡಿಗೆ ಉಣಿಸೂದು ನಿಲ್ಲಸ್ರಿ."

"ಯಾಕ? ನಿನ್ನ ಪಾಲಿಂದು ಏನ್ ಕಸಗೊಂಡೈತದು?"

"ಹೆಚ್ಚ ಉಂಡು ಬಿರುಸಾಗೈತ್ರಿ. ಒಡೀತೈತಿ."

"ಉಂಡು ಒಡ್ಯಾಕ ಅದೇನ್ ಬಲೂನೇನ?" ತಂಗೆವ್ವನ ಸಿಟ್ಟು ನೆತ್ತಿಗೇರಿತು. "ನಾ ಈ ಮನಿಗೆ ಬಂದಾಗ ಈ ಗ್ವಾಡಿಯಿಂದ ದಿನಾ ಮಣ್ಣು ಉದರತಿತ್ತು. ಮಳಿ ಬಂದ್ರ ನಿನ್ನ ಮಾವ ಕೂಸಿನ್ನ ಹೊಟ್ಟಿಗೆ ಅವಚ್ಕೊಂಡು ಕುಂತಿರತಿದ್ರು, ಯಾವಾಗ ಬೀಳ್ತೈತೋ ಅಂತ. ಈಗ ಕಲ್ಲಿನಂಗ ನಿಂತೈತಿ. ಅದಕ್ಕ ಕಣ್ಣ ಹಾಕಬ್ಯಾಡ."

ಆಕೆ ಬಿಸಿ ಸಜ್ಜಕದ ಮೊದಲ ಸೌಟನ್ನು ನೀರು ಮಾಡಿ ಗಿಂಡಿಗೆ ಸುರಿದಳು. ಗೋಡೆಯೊಳಗಿಂದ ಟಕ್ಕೆಂದು ಸದ್ದು ಬಂತು. ತಂಗೆವ್ವ ಅದನ್ನು ತೇಗು ಎಂದುಕೊಂಡು ಸಂತೋಷಪಟ್ಟಳು.

ಮರುದಿನ ಬೆಳಿಗ್ಗೆ ಹವಾಮಾನದ ಸೂಚನೆ ಬಂತು: ಮಧ್ಯಾಹ್ನದ ಮೇಲೆ ಗುಡುಗು ಸಹಿತ ಮಳೆ. ನೀಲಾ ದಾಸ್ತಾನು ಕೋಣೆಗೆ ಹೋಗಿ ಕಲ್ಲಿನ ಮಾದರಿ ತೆಗೆಯುವ ಉದ್ದ ಗರಗಸದ ಯಂತ್ರ ಹೊರತಂದಳು. ಬಾಗಿಲಲ್ಲಿ ಮುಗಳಿ ಸಾಹೇಬರು ನಿಂತಿದ್ದರು. ಯಂತ್ರ ನೋಡಿದರು, ಆಕೆಯ ಮುಖ ನೋಡಿದರು.

"ಮಾದರಿ ತೆಗ್ಯಾಕೇನು?"

"ಹೌದ್ರಿ ಸರ್."

"ನೀಲಾ, ಆಮ್ಯಾಲ ಹೆಸರು ಬರೀಬೇಕಾಗ್ತೈತಿ. ನಾ ತಪ್ಪಸಾಕ ಆಗೂದಿಲ್ಲ."

"ಗೊತ್ತೈತ್ರಿ."

ಅವರು ದಾರಿ ಬಿಟ್ಟು ಸರಿದು ನಿಂತರು.

ಬಿಸಿಲು ಸುಡುತ್ತಿತ್ತು. ನೀಲಾ ಏಣಿ ಹತ್ತಿ ಕಮಾನಿನ ಎಡಭುಜದ ಮೇಲೆ ನಿಂತು ಯಂತ್ರ ಚಾಲೂ ಮಾಡಿದಳು. ಇಷ್ಟು ವರ್ಷ ಇದೇ ಗೋಡೆಯ ಗೆರೆ ಕಾಯ್ದವಳು. ಹಲ್ಲು ಕಚ್ಚಿ ಗರಗಸ ಇಳಿಸಿದಳು. ಬಿಳಿ ಧೂಳು ಎದ್ದಿತು, ಪಾರಿವಾಳಗಳು ದಿಕ್ಕಾಪಾಲಾದವು. ಎಡಗಡೆಯ ಸೀಳು ಮುಗಿಸಿ, ಬಲಗಡೆ ಶುರು ಮಾಡುವ ಹೊತ್ತಿಗೆ ಕೆಳಗೆ ಓಣಿಗೆ ಓಣಿಯೇ ನೆರೆದಿತ್ತು.

"ಹಾಳಾಗ್ಲಿ ಈಕಿ ಕೈ! ಬಿಲ್ಡರ್ ಕಡೆ ರೊಕ್ಕಾ ತಿಂದಾಳ!" ಯಾರೋ ಕೂಗಿದರು. ಒಂದು ಕಲ್ಲು ಆಕೆಯ ಕಾಲ ಬಳಿ ಬಡಿಯಿತು.

ತಂಗೆವ್ವ ಓಡಿ ಬಂದಳು. ಸೆರಗು ಜಾರಿತ್ತು, ಕೈಯಲ್ಲಿ ಹಿಟ್ಟು. "ಇಳಿ ಕೆಳಗ! ನಾ ಉಣಿಸಿ ಬೆಳಿಸಿದ್ದಕ್ಕ ಗರಗಸ ಹಚ್ತೀ? ನನ್ನ ಕೊಯ್ದು ಆಮ್ಯಾಲ ಅದನ್ನ ಕೊಯ್ಯಿ!"

ನೀಲಾ ಇಳಿದಳು. ಜಗಳಕ್ಕೆ ಹೊತ್ತಿರಲಿಲ್ಲ. ಪಡುವಣದಲ್ಲಿ ಮೋಡ ಕಪ್ಪಗೆ ಏರುತ್ತಿತ್ತು. ಅತ್ತೆಯ ಕೈ ಹಿಡಿದು ಎಳೆದೊಯ್ದು ಬಲಭುಜದ ಗೋಡೆಗೆ ಆಕೆಯ ಕಿವಿ ಒತ್ತಿದಳು.

"ಕೇಳ್ರಿ. ಬೈಯೂದಿದ್ರ ಆಮ್ಯಾಲ ಬೇಕಾದಷ್ಟು ಬೈರಿ. ಈಗ ಒಂದೀಟು ಕೇಳ್ರಿ."

ಒಳಗೆ ಟಕ್, ಟಕ್ಕಟಕ್, ಆಮೇಲೆ ಹಲ್ಲು ಕಡಿಯುವಂಥ ಒಂದು ಉದ್ದನೆಯ ಸದ್ದು. ತಂಗೆವ್ವನ ಅಂಗೈ ಗೋಡೆಯ ಮೇಲಿತ್ತು. ಗೋಡೆ ಜ್ವರ ಬಂದ ಮೈಯಂತೆ ಸುಡುತ್ತಿತ್ತು. ಮುದುಕಿಯ ಮುಖ ಬಾಡಿತು.

"ಇದು ತೇಗಲ್ಲ" ಎಂದಳು ಮೆಲ್ಲಗೆ. "ನರಳಾಕತ್ತೈತಿ."

"ಹೌದ್ರಿ."

"ಹೊಟ್ಟಿ ಬಿರಿಯೂಹಂಗ ಉಣಿಸೀವಲ್ಲೇ ನೀಲಾ! ಊಟ ಬಲ್ಲವನಿಗೆ ರೋಗವಿಲ್ಲ ಅಂತ ಮಂದಿಗೆಲ್ಲಾ ಹೇಳಾಕಿ ನಾನು. ನನಗ ಯಾಕ ತಿಳೀಲಿಲ್ಲ?" ತಂಗೆವ್ವ ಕಣ್ಣೊರೆಸಿಕೊಂಡಳು, ಮುಖದ ತುಂಬ ಹಿಟ್ಟು ಮೆತ್ತಿತು. "ಹತ್ತು ಮ್ಯಾಲ. ಕೊಯ್ಯಿ. ಇವ್ರನ್ನ ನಾ ನೋಡ್ಕೊಂತೀನಿ."

ಬಲಗಡೆಯ ಸೀಳು ಅರ್ಧಕ್ಕೆ ಬಂದಿತ್ತು, ದಪ್ಪ ಹನಿ ಬಿದ್ದವು. ಬಿದ್ದದ್ದೇ ತಡ, ಜನ ಸಿಟ್ಟು ಗಿಟ್ಟು ಎಲ್ಲ ಮರೆತು ರೂಢಿಯಂತೆ ಕಮಾನಿನತ್ತ ಓಡಿದರು. ತಂಗೆವ್ವ ಕಮಾನಿನ ಬಾಯಲ್ಲಿ ಎರಡೂ ಕೈ ಚಾಚಿ ಅಡ್ಡ ನಿಂತಳು.

"ಯಾರೂ ಒಳಗ ಬರಬ್ಯಾಡ್ರಿ! ತೊಯ್ಸಿಕೊಳ್ರಿ! ಮಳಿಗೆ ಯಾರೂ ಸಾಯೂದಿಲ್ಲ! ಹಸೀನಾಬಿ, ಆ ಕೂಸುಗಳನ್ನ ಹಿಡಿ!"

"ತಂಗೆವ್ವಾ, ನೀ ಹೊರಗ ಬಾರವ್ವಾ!" ಹಸೀನಾಬಿ ಚೀರಿದಳು.

ಮೇಲೆ ನೀಲಾಳಿಗೆ ಅತ್ತೆಯ ಬಿಳಿಕೂದಲ ನೆತ್ತಿ ಮಾತ್ರ ಕಾಣುತ್ತಿತ್ತು. ಕಮಾನಿನ ನೆತ್ತಿಯ ನೇರ ಕೆಳಗೆ. ಕಾದ ಕಲ್ಲಿನ ಮೇಲೆ ಹನಿ ಬಿದ್ದು ಹಬೆ ಏಳುತ್ತಿತ್ತು. "ಅತ್ತೀ, ಸರೀರಿ!" ಎಂದು ಕೂಗಿದಳು, ಯಂತ್ರದ ಸದ್ದಿನಲ್ಲಿ ಅದು ಯಾರಿಗೂ ಕೇಳಲಿಲ್ಲ. ಅಳುತ್ತಲೇ ಗರಗಸವನ್ನು ಮೈಭಾರ ಹಾಕಿ ಒತ್ತಿದಳು. ದೇವರೇ, ಇನ್ನೊಂದು ಗೇಣು, ಇನ್ನೊಂದು ಗೇಣು.

ಸಿಡಿಲಿನಂಥ ಸದ್ದಾಯಿತು. ಏಣಿ ಅಲುಗಿತು. ಬಲಗಡೆಯ ಸೀಳು ಕಣ್ಣೆದುರೇ ಗಪ್ಪನೆ ಕಿರಿದಾಯಿತು, ಎಡಗಡೆಯದು ಅಗಲವಾಯಿತು. ಇಡೀ ಕಮಾನು ಒಂದು ಬೆರಳಿನಷ್ಟು ಜರುಗಿ ಕೂತಿತು. ನೆತ್ತಿಯಿಂದ ಗಾರೆಯ ಒಂದು ಹೆಂಟೆ ಕಳಚಿ ತಂಗೆವ್ವನ ಹಿಂದೆ, ಆಕೆ ಮಳೆಗಾಲಕ್ಕೆ ಮಣೆ ಹಾಕುತ್ತಿದ್ದ ಜಾಗದಲ್ಲೇ ಬಿದ್ದು ಪುಡಿಯಾಯಿತು. ಆಮೇಲೆ ಮಳೆಯ ಸದ್ದೊಂದೇ.

ಬಾಗಿಲು ನಿಂತಿತ್ತು. ತಂಗೆವ್ವನೂ ನಿಂತಿದ್ದಳು, ಕೈ ಚಾಚಿಕೊಂಡೇ. ಓಣಿಯ ಜನ ಬಯಲಲ್ಲಿ ತೊಪ್ಪನೆ ತೊಯ್ದು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು.

ನಿಗಾ ಕೇಂದ್ರಕ್ಕೆ ನೀಲಾ ಒದ್ದೆ ಸೀರೆಯಲ್ಲೇ ಹೋದಳು. ಪರದೆಯ ಮೇಲೆ ಕೆಂಪು ದೀಪ ಬಡಿದುಕೊಳ್ಳುತ್ತಿತ್ತು: ರಕ್ಷಿತ ಕಟ್ಟಡಕ್ಕೆ ಗಾಯ, ಕಾರಣ ನಮೂದಿಸಿ. ಅದರ ಪಕ್ಕದಲ್ಲಿ ನಗಾರಿ ಬಾಗಿಲಿನ ಗೆರೆ, ಎಷ್ಟೋ ವಾರಗಳ ನಂತರ, ತಂಪಿಗೆ ನಿಧಾನವಾಗಿ ಇಳಿಯುತ್ತಿತ್ತು. ಆಕೆ ಕೀಲಿಮಣೆ ಎಳೆದುಕೊಂಡಳು. ಕಾರಣ: ಮನುಷ್ಯಕೃತ. ಗಾಯ ಮಾಡಿದವರು ಎಂಬಲ್ಲಿ ತನ್ನ ಪೂರ್ತಿ ಹೆಸರು ಬರೆದಳು. ಮುಗಳಿ ಸಾಹೇಬರು ಪಕ್ಕದಲ್ಲಿ ನಿಂತು ಮೂಗು ಒರೆಸಿಕೊಂಡರು. "ಪೇಟಿ ಉಳೀತು" ಎಂದರು.

ನೀಲಾ ಹೊಸ ಬಡಾವಣೆಯಲ್ಲಿ ಒಂದು ಕೋಣೆಯ ಮನೆ ಹಿಡಿದಳು. ಸಿದ್ಧಲಿಂಗನ ಬಸ್ಸು ಅಲ್ಲಿಂದಲೇ ಹೊರಡುತ್ತಿತ್ತು, ಅವನು ಅಲ್ಲೂ ಇದ್ದ, ಇಲ್ಲೂ ಇದ್ದ. ತಂಗೆವ್ವ ಮಾತ್ರ ಪೇಟೆ ಬಿಡಲಿಲ್ಲ. ಗೋಡೆಗೆ ಉಪವಾಸ ಹಾಕಿದ್ದರು. ಅದನ್ನು ಕಾಯಲು ಯಾರಾದರೂ ಬೇಕಿತ್ತಲ್ಲ. ಕದ್ದು ಪಾಯಸ ತಂದವರನ್ನು ಆಕೆ ಪೊರಕೆ ಹಿಡಿದು ಓಡಿಸುತ್ತಿದ್ದಳಂತೆ. "ಲಂಘನಂ ಪರಮೌಷಧಂ" ಎಂದು ಬೈಯುತ್ತಿದ್ದಳಂತೆ. ಇದನ್ನೆಲ್ಲ ಸಿದ್ಧಲಿಂಗ ಬಂದು ಹೇಳುವಾಗ ನೀಲಾ ನಗುತ್ತಿದ್ದಳು, ಅವನು ಹೋದ ಮೇಲೆ ಅಳುತ್ತಿದ್ದಳು. ಬಿಸಿಲೇರಿದ ದಿನ, ಮೋಡ ಕವಿದ ದಿನ, ಆಕೆಯ ಎದೆ ಈಗಲೂ ಹೊಡೆದುಕೊಳ್ಳುತ್ತಿತ್ತು. ನೋಡಲು ಹೋಗುವಂತಿರಲಿಲ್ಲ.

ಒಂದು ಭಾನುವಾರ ಬಾಗಿಲು ತಟ್ಟಿದ ಸದ್ದು. ತೆಗೆದರೆ ತಂಗೆವ್ವ, ಕೈಯಲ್ಲಿ ಬುತ್ತಿ ಗಂಟು. ಹೊಸ ಮನೆಯ ಸಪಾಟು ಗೋಡೆಗಳನ್ನು ಸುತ್ತ ನೋಡಿ, "ಇವಕ್ಕ ಹಸಿವಿ ಗಿಸಿವಿ ಇಲ್ಲಲ್ಲ?" ಎಂದು ಕೇಳಿ ನೆಲದ ಮೇಲೆ ಕೂತಳು. ಗಂಟು ಬಿಚ್ಚಿದಳು. ಹೋಳಿಗೆ. ಒಂದನ್ನು ಮುರಿದು ತುಪ್ಪದಲ್ಲಿ ಅದ್ದಿದಳು. ರೂಢಿಯ ಕೈ ತಾನಾಗಿ ಗೋಡೆಯತ್ತ ಹೋಯಿತು, ಅರ್ಧದಲ್ಲಿ ನಿಂತಿತು.

ಆಮೇಲೆ ಆ ಕೈ ತಿರುಗಿ ನೀಲಾಳ ಬಾಯಿಯ ಹತ್ತಿರ ಬಂತು.

"ತಗೋ, ಬಾಯಿ ತೆಗಿ" ಎಂದಳು ತಂಗೆವ್ವ. "ನಾ ಯಾರಿಗೆ ಮೊದಲ ಉಣಿಸಬೇಕಿತ್ತೋ ಅವರನ್ನ ಬಿಟ್ಟು ಕುಂತಿದ್ದೆ."